ಗುಡ್ಡದ ಒಡಲು: ಗುಹೆ, ಅದಿರು ಮತ್ತು ನೀರಿನ ಶೋಧ



ಭಟ್ಕಳದ ಅನೇಕ ಮನೆಗಳಿಗೆ ಮರುಭೂಮಿಯ ಬೆಟ್ಟವೆಂಬುದು ಅಪರಿಚಿತವಲ್ಲ. ದುಬೈ, ಮಸ್ಕತ್, ಜಿದ್ದಾಗಳಲ್ಲಿ ವರ್ಷಗಟ್ಟಲೆ ದುಡಿದು ಮರಳಿದವರು ಅಲ್ಲಿಯ ಬೆಟ್ಟಗಳನ್ನು ಕಣ್ಣಾರೆ ಕಂಡಿದ್ದಾರೆ: ಹುಲ್ಲುಕಡ್ಡಿಯೂ ಇಲ್ಲದ ಬರಿಯ ಕಲ್ಲು. ಸಾಮಾನ್ಯರ ಕಣ್ಣಿಗೆ ಬರಡಾಗಿ ತೋರುವ ಈ ಕಲ್ಲು ಭೂವಿಜ್ಞಾನಿಗೆ ತೆರೆದಿಟ್ಟ ಪುಸ್ತಕವಿದ್ದಂತೆ. ಅಲ್ಲಿ ಮಣ್ಣಿನ ಹೊದಿಕೆಯಿಲ್ಲ, ಮರಗಳ ಮರೆಯಿಲ್ಲ. ಪದರಗಳ ಬಾಗು, ಬಿರುಕು, ಬಣ್ಣ ಎಲ್ಲವೂ ದೂರದಿಂದಲೇ ಗೋಚರಿಸುತ್ತವೆ. ತಾಮ್ರದ ಅದಿರಿದ್ದಲ್ಲಿ ಬಂಡೆಯ ಮೈಮೇಲೆ ಹಸಿರು ಕಲೆ, ಕಬ್ಬಿಣವಿದ್ದಲ್ಲಿ ಕೆಂಪು ಛಾಯೆ. ಒಮಾನ್ ದೇಶದ ಹಜರ್ ಬೆಟ್ಟಸಾಲಿನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ತಾಮ್ರ ತೆಗೆದು ಕರಗಿಸಿದ ಕುರುಹುಗಳು ಇಂದಿಗೂ ಉಳಿದಿವೆ.

ಅದೇ ಒಮಾನಿನಲ್ಲಿ 1983ರಲ್ಲಿ ಇನ್ನೊಂದು ಶೋಧ ನಡೆಯಿತು. ಡಾನ್ ಡೇವಿಸನ್ ಎಂಬ ಅಮೆರಿಕದ ಅಂತರ್ಜಲ ತಜ್ಞ ಅಲ್ಲಿಯ ಸರ್ಕಾರದ ಜಲ ಸಂಪನ್ಮೂಲ ಸಂಸ್ಥೆಯ ಪರವಾಗಿ ಸೆಲ್ಮಾ ಪ್ರಸ್ಥಭೂಮಿಯ ಸುಣ್ಣಕಲ್ಲಿನಲ್ಲಿ ನೀರಿನ ಜಾಡನ್ನು ಅರಸುತ್ತಿದ್ದರು. ಅವರಿಗೆ ದೊರೆತದ್ದು ಸುಮಾರು 120 ಮೀಟರ್ ಎತ್ತರದ ಒಂದು ಗುಹಾಂಗಣ. ‘ಮಜ್ಲಿಸ್ ಅಲ್ ಜಿನ್’, ಅಂದರೆ ಜಿನ್ನುಗಳ ಸಭಾಂಗಣವೆಂದು ಲೋಕ ಇಂದು ಕರೆಯುವ ಗುಹೆಯೇ ಅದು. ನೆಲದ ಮೇಲಿನಿಂದ ಕಾಣುವುದು ಕೆಲವು ರಂಧ್ರಗಳು ಮಾತ್ರ. ಹಿಂದೆಂದೋ ಆ ಕಲ್ಲಿನೊಳಗೆ ಹರಿದ ನೀರೇ ಅಷ್ಟು ದೊಡ್ಡ ಕೋಣೆಯನ್ನು ಕೊರೆದಿತ್ತು. ನೀರನ್ನು ಹುಡುಕುವವನಿಗೆ ಗುಹೆ ಸಿಗುವುದು ಆಶ್ಚರ್ಯವಲ್ಲ. ಗುಹೆಯೆಂದರೆ ನೀರು ನಡೆದುಹೋದ ದಾರಿಯೇ ತಾನೆ?

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಗುಡ್ಡಗಳ ಕಡೆಗೆ ಬರಬೇಕು. ಇಲ್ಲಿ ಮಳೆಗಾಲದಲ್ಲಿ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಇಂಥ ನಾಡಿನಲ್ಲಿ ಮರುಭೂಮಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಕಡಲಿಗೂ ಘಟ್ಟದ ಬುಡಕ್ಕೂ ನಡುವೆ ಹರಡಿರುವ ಬೋಳುಗುಡ್ಡಗಳ ನೆತ್ತಿಯ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹತ್ತು ನಿಮಿಷ ನಡೆದವನು ಆ ಪ್ರಶ್ನೆಯನ್ನು ಕೇಳಲಾರ. ಕಾದ ಕಬ್ಬಿಣದಂತಹ ಕಲ್ಲುಹಾಸು, ನೆರಳಿಗೊಂದು ಮರವಿಲ್ಲ, ಕುಡಿಯಲು ಹನಿ ನೀರಿಲ್ಲ. ಜೂನ್ ಬಂದೊಡನೆ ಅದೇ ಕಲ್ಲಿನ ಕುಳಿಗಳಲ್ಲಿ ನೀರು ನಿಂತು, ಹುಳು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ ಮತ್ತು ಡ್ರೊಸೆರಾ ಜಾತಿಯ ಸಸ್ಯಗಳೂ ಬಿಳಿಯ ಗುಂಡಿಯಂತಹ ಹೂ ತಳೆಯುವ ಎರಿಯೊಕಾಲನ್ ಸಸ್ಯಗಳೂ ಹಾಸಿಗೆ ಹಾಸುತ್ತವೆ. ಆರು ತಿಂಗಳು ಕೆರೆ, ಆರು ತಿಂಗಳು ಮರುಭೂಮಿ. ಕಂದಾಯದ ಕಡತ ಮಾತ್ರ ವರ್ಷವಿಡೀ ಅದನ್ನು ‘ಬಂಜರು’ ಎಂದೇ ಕರೆಯುತ್ತದೆ. ಕಡತ ಬರೆದವರು ಬಹುಶಃ ಬೇಸಿಗೆಯಲ್ಲಿ ಬಂದಿದ್ದರು.

ಈ ಕಲ್ಲಿಗೆ ವಿಜ್ಞಾನದಲ್ಲಿ ‘ಲ್ಯಾಟರೈಟ್’ ಎಂದು ಹೆಸರು. ಕನ್ನಡದಲ್ಲಿ ಜಂಬಿಟ್ಟಿಗೆ, ಕಡಿದು ತೆಗೆದ ಮೇಲೆ ಚಿರೇಕಲ್ಲು. ಹೆಸರಿನ ಕಥೆಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆ ಎಂಬುದನ್ನು ಪಟ್ಟಿಮಾಡಲು ಈಸ್ಟ್ ಇಂಡಿಯಾ ಕಂಪನಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಆತ 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು ಮತ್ತು ಮಲಬಾರನ್ನು ಹಾದು, 1801ರ ಆರಂಭದ ತಿಂಗಳುಗಳಲ್ಲಿ ಭಟ್ಕಳ, ಹೊನ್ನಾವರ, ಗೋಕರ್ಣಗಳ ಮೂಲಕ ಸಾಗಿದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮಲಬಾರಿನ ಅಂಗಡಿಪುರಂನಲ್ಲಿ, ನೆಲದೊಳಗಿರುವಾಗ ಕೊಡಲಿಗೆ ಬಗ್ಗುವಷ್ಟು ಮೃದುವಾಗಿದ್ದು ಗಾಳಿ ತಾಗಿದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುವ ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥವುಳ್ಳ ‘ಲೇಟರ್’ ಪದದಿಂದ ಅದಕ್ಕೆ ಹೆಸರಿಟ್ಟ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 1979ರಲ್ಲಿ ಅಲ್ಲೊಂದು ಸ್ಮಾರಕವನ್ನೂ ನಿಲ್ಲಿಸಿದೆ. ಆದರೆ ಬುಕಾನನ್ ತಾನೇ ದಾಖಲಿಸಿದ ಇನ್ನೊಂದು ಸಂಗತಿಯಿದೆ: ಇಲ್ಲಿಯ ಭಾಷೆಗಳಲ್ಲಿ ಜನ ಅದನ್ನು ಆಗಲೇ ‘ಇಟ್ಟಿಗೆ ಕಲ್ಲು’ ಎನ್ನುತ್ತಿದ್ದರು. ಎಂದ ಮೇಲೆ ಲ್ಯಾಟರೈಟ್ ಎಂಬುದು ಹೊಸ ನಾಮಕರಣವಲ್ಲ, ಬರಿಯ ಅನುವಾದ. ಹೆಸರು ಕೊಟ್ಟ ಕಲ್ಲುಕುಟಿಗರಿಗೆ ಸ್ಮಾರಕವಿಲ್ಲ.

ಕಲ್ಲಿನ ಒಳಗೇನಿದೆ? ಲಕ್ಷಾಂತರ ವರ್ಷಗಳ ಕಾಲ ಬಿಸಿಲು ಮತ್ತು ಮಳೆ ಒಂದಾದ ಮೇಲೊಂದರಂತೆ ಬಂಡೆಯ ಮೇಲೆ ಬಿದ್ದಾಗ ಅದರ ಸಿಲಿಕಾ ಮತ್ತು ಕರಗುವ ಲವಣಗಳು ನೀರಿನೊಂದಿಗೆ ಜಾರಿಹೋಗುತ್ತವೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಳ್ಳುತ್ತವೆ. ಹೀಗಾಗಿ ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ತುಕ್ಕಿನಿಂದ ಬೆಸೆದ ಗಟ್ಟಿ ತೊಗಟೆ, ಅದರ ಕೆಳಗೆ ಜೇನುಹುಟ್ಟಿನಂತೆ ರಂಧ್ರಗಳಿರುವ ಕೆಂಪು ಕಲ್ಲು, ಅದಕ್ಕೂ ಕೆಳಗೆ ಬಿಳಿ ಅಥವಾ ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು, ತಳದಲ್ಲಿ ಮೂಲ ಬಂಡೆ. ಮಳೆನೀರು ತೊಗಟೆಯ ಬಿರುಕಿನಲ್ಲಿ ಇಳಿದು ಕೆಂಪು ಕಲ್ಲಿನ ರಂಧ್ರಗಳಲ್ಲಿ ತುಂಬಿ ಶೇಡಿಯ ಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಅದು ಗುಡ್ಡದ ಪಕ್ಕೆಯಲ್ಲಿ ಹೊರಬಂದ ಜಾಗವೇ ಒರತೆ. ಒರತೆಯ ಕೆಳಗೆ ಅಡಿಕೆ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯಾಚೆ ಬಾವಿ, ಮನೆ. ಕರಾವಳಿಯ ಹಳ್ಳಿ ಕುಳಿತಿರುವ ಕ್ರಮವೇ ಈ ಪದರಗಳ ಕ್ರಮ.

ನೀರು ಸರಿಯುವಾಗ ಒಳಗಿನ ಮೆತ್ತನೆಯ ಮಣ್ಣನ್ನೂ ಕಣಕಣವಾಗಿ ಒಯ್ಯುತ್ತದೆ. ಮೇಲಿನ ತೊಗಟೆ ಗಟ್ಟಿಯಾಗಿರುವುದರಿಂದ ಕುಸಿಯುವುದಿಲ್ಲ. ಕೆಳಗೆ ಟೊಳ್ಳು ಬೆಳೆಯುತ್ತದೆ. ಲ್ಯಾಟರೈಟ್ ಗುಡ್ಡಗಳಲ್ಲಿ ಗುಹೆಗಳು ಹುಟ್ಟುವುದು ಸಾಮಾನ್ಯವಾಗಿ ಹೀಗೆ. ಹೊನ್ನಾವರದ ಅಪ್ಸರಕೊಂಡದಲ್ಲಿ ಜಲಪಾತದ ಪಕ್ಕದಲ್ಲೇ ಗುಹೆಗಳಿವೆ. ಜನ ಅವನ್ನು ಪಾಂಡವರ ಗುಹೆಗಳೆನ್ನುತ್ತಾರೆ. ನೀರು ಮತ್ತು ಗುಹೆ ಅಲ್ಲಿ ಒಟ್ಟಿಗೇ ಇರುವುದು ಆಕಸ್ಮಿಕವಲ್ಲ. ಕುಮಟಾ ತಾಲೂಕಿನ ಗೋಕರ್ಣದ ಗುಡ್ಡದಲ್ಲಿರುವ ಗೋಗರ್ಭವೂ ಇಂಥದೇ ಸ್ವಾಭಾವಿಕ ಗುಹೆ. ಕೇರಳದ ಇಡುಕ್ಕಿ, ಕಣ್ಣೂರು, ಕಾಸರಗೋಡು ಜಿಲ್ಲೆಗಳಲ್ಲಿ ನೆಲದಡಿಯ ಇಂತಹ ಕೊಳವೆಗಳನ್ನು ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಹುಡುಕಿ ಅಳೆದಿದ್ದಾರೆ. ಮೇಲೆ ಮನೆ, ತೋಟ ಎಲ್ಲವೂ ಸ್ವಸ್ಥವಾಗಿ ತೋರುತ್ತವೆ. ಕೆಳಗೆ ಮನುಷ್ಯ ನಡೆದಾಡುವಷ್ಟು ಟೊಳ್ಳು.

ಪ್ರಕೃತಿ ಕೊರೆಯುವುದನ್ನು ನೋಡಿ ಮನುಷ್ಯನೂ ಕೊರೆಯಲು ಕಲಿತ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗಡಿಭಾಗದ ಕನ್ನಡ, ತುಳು ರೈತರು ಲ್ಯಾಟರೈಟ್ ಗುಡ್ಡದ ಪಕ್ಕೆಯಲ್ಲಿ ಆಳೆತ್ತರದ, ಒಬ್ಬ ಮಾತ್ರ ನುಸುಳಬಲ್ಲಷ್ಟು ಅಗಲದ ಸುರಂಗಗಳನ್ನು ತೋಡಿ ಒಳಗಿನ ಒರತೆಯನ್ನು ಹೊರತರುತ್ತಾರೆ. ಪಂಪು ಬೇಡ, ವಿದ್ಯುತ್ತು ಬೇಡ, ನೀರು ತಾನಾಗಿ ಹರಿದುಬರುತ್ತದೆ. ಒಮಾನಿನ ‘ಫಲಜ್’, ಇರಾನಿನ ‘ಕನಾತ್’ ಎಂಬ ಭೂಗತ ಕಾಲುವೆಗಳ ತತ್ವವೂ ಇದೇ. ಒಮಾನಿನ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಸರಗೋಡಿನ ಸುರಂಗಗಳಿಗೆ ಆ ಭಾಗ್ಯ ಬಂದಿಲ್ಲ. ಆದರೆ ಸುರಂಗ ತೋಡಿದ ಒಬ್ಬ ಶ್ರಮಜೀವಿಯನ್ನು ದೇಶ ಗುರುತಿಸಿದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು, ತಮಗೆ ದೊರೆತ ಬೋಳುಗುಡ್ಡದ ತುಂಡು ಜಮೀನಿನಲ್ಲಿ ಒಬ್ಬಂಟಿಯಾಗಿ ಅಗೆದರು. ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಆರನೆಯದರಲ್ಲಿ ಸಿಕ್ಕಿತು. ಅದೇ ನೀರಿನಿಂದ ಅಡಿಕೆ, ತೆಂಗು ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು.

ಸುರಂಗ ತೋಡುವವರ ಶೋಧಕ್ರಮವನ್ನು ಗಮನಿಸಬೇಕು. ಮರುಭೂಮಿಯಲ್ಲಿ ಬಂಡೆ ಬತ್ತಲಾಗಿರುವುದರಿಂದ ಕಲ್ಲನ್ನೇ ಓದಬಹುದು. ಇಲ್ಲಿ ಕಲ್ಲಿನ ಮೇಲೆ ಬೆಳೆದುದನ್ನು ಓದಬೇಕು. ಧೂಪ, ಬಸರಿ, ಅತ್ತಿ, ಉಪ್ಪಳಿಗೆಯಂತಹ ಮರಗಳು ಎಲ್ಲಿ ನಿಂತಿವೆ, ಬೇಸಿಗೆಯಲ್ಲೂ ಯಾವ ಜಾಗದ ಸೊಪ್ಪು ಬಾಡಿಲ್ಲ, ಹುತ್ತ ಎಲ್ಲೆದ್ದಿದೆ ಎಂಬುದನ್ನು ನೋಡಿ ಅವರು ಗುದ್ದಲಿ ಹಾಕುತ್ತಾರೆ. ಒಳಗೆ ಹೋದಂತೆ ಮೇಣದ ಬತ್ತಿಯನ್ನು ಜೊತೆಯಲ್ಲಿಟ್ಟುಕೊಳ್ಳುತ್ತಾರೆ. ಬತ್ತಿ ಮಂಕಾದರೆ ಪ್ರಾಣವಾಯು ಕಡಿಮೆಯಾಯಿತೆಂದು ತಿಳಿದು ಹೊರಗೆ ಬರುತ್ತಾರೆ. ಕಲ್ಲು ಗಟ್ಟಿಯಿದ್ದಲ್ಲಿ ಮುಂದುವರಿಯುತ್ತಾರೆ, ಶೇಡಿ ಕಂಡಲ್ಲಿ ಅಂಜುತ್ತಾರೆ. ಈ ಅಂಜಿಕೆಯಲ್ಲಿ ದೊಡ್ಡ ವಿದ್ಯೆಯಿದೆ. ಅದನ್ನು ಯಂತ್ರ ಹಿಡಿದವರು ಕಲಿಯಲಿಲ್ಲ.

ಇನ್ನು ಅದಿರಿನ ಶೋಧಕರ ವಿಷಯ. ಲ್ಯಾಟರೈಟಿನಲ್ಲಿ ಅಲ್ಯೂಮಿನಿಯಂ ಅಂಶ ಹೆಚ್ಚಾಗಿ ಕೂಡಿಕೊಂಡರೆ ಅದೇ ಬಾಕ್ಸೈಟ್. ಫ್ರಾನ್ಸಿನ ಲೆ ಬೊ ಎಂಬ ಹಳ್ಳಿಯ ಹೆಸರಿನಿಂದ ಬಂದ ಪದವಿದು. 1821ರಲ್ಲಿ ಅಲ್ಲಿ ಅದನ್ನು ಮೊದಲು ಗುರುತಿಸಲಾಯಿತು. ಕರ್ನಾಟಕದಲ್ಲಿ ಬಾಕ್ಸೈಟ್ ಇರುವ ಜಿಲ್ಲೆಗಳ ಪಟ್ಟಿಯಲ್ಲಿ ಬೆಳಗಾವಿ, ಚಿಕ್ಕಮಗಳೂರು, ಉಡುಪಿಗಳ ಜೊತೆಗೆ ಉತ್ತರ ಕನ್ನಡದ ಹೆಸರೂ ಇದೆ. ಜೋಯಿಡಾ ಸೀಮೆಯ ಕಾಡಿನಲ್ಲಿ ಮ್ಯಾಂಗನೀಸ್ ತೆಗೆದ ಹಳೆಯ ಹೊಂಡಗಳಿವೆ. ಅಂದರೆ ಶೋಧಕರ ನಕ್ಷೆಯಲ್ಲಿ ಈ ಜಿಲ್ಲೆ ಎಂದೂ ಖಾಲಿಯಾಗಿರಲಿಲ್ಲ. ಶೋಧವೆಂಬುದೇ ತಪ್ಪು ಎಂದು ಇಲ್ಲಿ ಹೇಳುತ್ತಿಲ್ಲ. ನೆಲದಡಿ ಏನಿದೆ ಎಂದು ತಿಳಿಯುವುದು ಜ್ಞಾನ. ಆ ಜ್ಞಾನವಿಲ್ಲದೆ ಗುಡ್ಡವನ್ನು ಉಳಿಸುವವರೂ ಮಾತನಾಡಲಾರರು. ಕೇಳಬೇಕಾದ ಪ್ರಶ್ನೆ ಬೇರೆ: ಶೋಧಕ ಎಣಿಸುವುದೇನನ್ನು, ಎಣಿಸದೆ ಬಿಡುವುದೇನನ್ನು?

ಗಣಿಗಾರಿಕೆಯ ಪರಿಭಾಷೆಯಲ್ಲಿ ಅದಿರಿನ ಮೇಲಿರುವುದಕ್ಕೆಲ್ಲ ‘ಮೇಲ್ಹೊರೆ’ ಎಂಬ ಒಂದೇ ಪದವುಂಟು. ಮಣ್ಣು, ಬೇರು, ಕಾಡು, ಒರತೆಯ ಕಣ್ಣು, ನಾಗಬನ ಎಲ್ಲವೂ ಹೊರೆ. ಬಾಕ್ಸೈಟಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಅದಿರು ಇರುವುದೇ ಗುಡ್ಡದ ನೆತ್ತಿಯ ಪದರದಲ್ಲಿ. ಅದನ್ನು ತೆಗೆಯುವುದೆಂದರೆ ಮನೆಯ ಮಾಡನ್ನು ಕಳಚಿ ಮಾರಿದಂತೆ. ಮಳೆಯನ್ನು ಹಿಡಿಯುವ ರಂಧ್ರಗಳಿರುವುದು ಅದೇ ಪದರದಲ್ಲಿ, ಶೇಡಿಯ ಮೇಲೆ ನೇರವಾಗಿ ಮಳೆ ಬೀಳದಂತೆ ತಡೆಯುವುದೂ ಅದೇ ತೊಗಟೆ.

ಬಾಕ್ಸೈಟಿನ ಗಣಿಗಿಂತ ಇಂದು ಹಳ್ಳಿಗಳಿಗೆ ಹತ್ತಿರವಾಗಿರುವುದು ಚಿರೇಕಲ್ಲಿನ ಕ್ವಾರಿ. ಇದರಲ್ಲಿ ಸರಳವಾದ ಕಪ್ಪುಬಿಳುಪಿನ ತೀರ್ಪು ಕೊಡಲಾಗದು. ಈ ಸಭೆಗೆ ಬಂದವರ ಮನೆಗಳ ಗೋಡೆಯೂ ಚಿರೇಕಲ್ಲಿನದೇ ಇರಬಹುದು. ಅದು ಸುಡಬೇಕಾಗಿಲ್ಲದ ಇಟ್ಟಿಗೆ, ಸೌದೆ ಬೇಡ. ಹಿಂದೆ ಕೈಯಿಂದ ಕಡಿಯುವಾಗ ಒಂದು ಕುಟುಂಬ ವರ್ಷಕ್ಕೆ ಎಷ್ಟು ಕಡಿಯಬಲ್ಲುದೋ ಅಷ್ಟೇ ಗುಡ್ಡ ಕರಗುತ್ತಿತ್ತು. ಕೆಲವೆಡೆ ಹಳೆಯ ಕ್ವಾರಿಯಲ್ಲಿ ಮಳೆನೀರು ನಿಂತು, ಇಂಗಿ, ಕೆಳಗಿನ ಬಾವಿಗೆ ಅನುಕೂಲವಾದ ನಿದರ್ಶನವೂ ಉಂಟು. ಕಲ್ಲು ಕೊಯ್ಯುವ ಯಂತ್ರ ಬಂದ ಮೇಲೆ ವೇಗ ಬದಲಾಯಿತು, ಆಳವೂ ಬದಲಾಯಿತು. ಹೊಂಡ ಕೆಂಪು ಕಲ್ಲಿನ ತಳ ದಾಟಿ ಶೇಡಿಯನ್ನು ಮುಟ್ಟಿದಾಗ, ಒರತೆಗೆ ಹೋಗಬೇಕಾದ ನೀರು ಹೊಂಡದ ಪಕ್ಕೆಯಲ್ಲೇ ಸೋರಿ ಮಳೆಗಾಲದಲ್ಲೇ ಬಳಿದುಹೋಗುತ್ತದೆ. ಮಾರ್ಚಿಯಲ್ಲಿ ಕೆಳಗಿನ ಬಾವಿ ಬತ್ತಿದಾಗ ಮನೆಯವರು ಮಳೆಯನ್ನು ದೂರುತ್ತಾರೆ. ಮಳೆ ಬಂದೇ ಇರುತ್ತದೆ. ಅದು ತಂಗುವ ಕೋಣೆ ಇರುವುದಿಲ್ಲ.

ಗುಡ್ಡದ ನೆತ್ತಿಯನ್ನು ತೆಗೆಯುವುದು ಒಂದು ಅಪಾಯವಾದರೆ ಬುಡವನ್ನು ಕಡಿಯುವುದು ಇನ್ನೊಂದು. ಶೇಡಿ ಮಣ್ಣು ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದಾಗ ಬೆಣ್ಣೆಯಂತೆ ಜಾರುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಭಾರೀ ಮಳೆಗೆ ಗುಡ್ಡ ಮನೆಯ ಮೇಲೆ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಚತುಷ್ಪಥ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ರಸ್ತೆಯನ್ನೂ ಅದರ ಪಕ್ಕದ ಚಹಾದಂಗಡಿಯನ್ನೂ ಗಂಗಾವಳಿ ನದಿಗೆ ತಳ್ಳಿದ್ದನ್ನು ಇಡೀ ನಾಡು ನೋಡಿತು. ಎಲ್ಲ ಕುಸಿತಗಳಿಗೂ ಒಂದೇ ಕಾರಣವೆನ್ನುವುದು ಸರಿಯಲ್ಲ. ಇಳಿಜಾರು, ಮಳೆಯ ರಭಸ, ಮರಗಳ ನಾಶ, ಕಡಿತ ಎಲ್ಲವೂ ಕೂಡುತ್ತವೆ. ಆದರೆ ಗುಡ್ಡದ ಒಳಗೆ ನೀರು ಯಾವ ದಾರಿಯಲ್ಲಿ ನಡೆಯುತ್ತದೆ ಎಂದು ಮೊದಲೇ ನೋಡದೆ ಗುಡ್ಡಕ್ಕೆ ಯಂತ್ರ ಹಚ್ಚಿದರೆ ಅದು ಕಣ್ಣು ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡಿದಂತೆ.

ಲ್ಯಾಟರೈಟನ್ನು ಬಿಟ್ಟು ಸ್ವಲ್ಪ ಘಟ್ಟದ ಕಡೆಗೆ ಸರಿದರೆ ಕುಮಟಾ ತಾಲೂಕಿನ ಯಾಣ. ಇಲ್ಲಿಯ ಕಲ್ಲು ಬೇರೆ, ಗುಹೆಯ ಹುಟ್ಟೂ ಬೇರೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ದಟ್ಟ ಕಾಡಿನ ನಡುವೆ ಎದ್ದು ನಿಂತ ಈ ಕಪ್ಪು ಶಿಲೆಗಳಲ್ಲಿ ಸುಣ್ಣದ ಅಂಶವಿದೆ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದ ಜಾಗವೆಂದೂ, ಅಲ್ಲಿಯ ಕಪ್ಪು ಮಣ್ಣು ಆ ಬೂದಿಯೆಂದೂ ಸ್ಥಳಪುರಾಣ ಹೇಳುತ್ತದೆ. ಸುಣ್ಣದ ಕಲ್ಲಿನಲ್ಲಿ ಗುಹೆ ಹುಟ್ಟುವ ಬಗೆಯನ್ನು ಶಾಲೆಯ ರಸಾಯನಶಾಸ್ತ್ರದಿಂದಲೇ ತಿಳಿಯಬಹುದು. ಕಾಡಿನ ಕೊಳೆತ ಎಲೆಗಳ ಮೂಲಕ ಇಳಿಯುವ ಮಳೆನೀರು ಇಂಗಾಲಾಮ್ಲವನ್ನು ಹೀರಿ ಮೃದು ಆಮ್ಲವಾಗುತ್ತದೆ. ಆ ಆಮ್ಲ ಕಲ್ಲಿನ ಬಿರುಕನ್ನು ವರ್ಷಕ್ಕೊಂದು ಕೂದಲೆಳೆಯಷ್ಟು ಕರಗಿಸುತ್ತದೆ. ಭೈರವೇಶ್ವರ ಶಿಖರದ ಗುಹೆಯೊಳಗೆ ಲಿಂಗದ ಮೇಲೆ ಬೀಳುವ ನೀರಹನಿ ಭಕ್ತರಿಗೆ ಗಂಗೆ. ಭೂವಿಜ್ಞಾನಿಗೆ ಆ ಗುಹೆಯನ್ನು ಕೆತ್ತಿದ ಉಳಿ. ಎರಡೂ ಸತ್ಯವೇ. ಕಾಡನ್ನು ತೆಗೆದರೆ ಹನಿಯ ಹುಳಿ ಹೋಗುತ್ತದೆ, ಗುಹೆಯ ಕೆತ್ತನೆಯ ಗತಿ ಬದಲಾಗುತ್ತದೆ.

ಯಾಣದಲ್ಲಿ ಹುಟ್ಟುವ ಚಂಡಿಹೊಳೆ ಉಪ್ಪಿನಪಟ್ಟಣದ ಬಳಿ ಅಘನಾಶಿನಿಯನ್ನು ಸೇರುತ್ತದೆ. ಕಲ್ಲಿನಿಂದ ಕರಗಿದ ಸುಣ್ಣವೂ ಅದರೊಂದಿಗೆ ಹೋಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಮತ್ತಿತರ ಚಿಪ್ಪುಜೀವಿಗಳು ನೀರಿನ ಸುಣ್ಣವನ್ನು ಹೀರಿ ಕವಚ ಕಟ್ಟಿಕೊಳ್ಳುತ್ತವೆ. ಅಷ್ಟೂ ಸುಣ್ಣ ಯಾಣದ್ದೇ ಎನ್ನಲಾಗದು; ಕಡಲ ನೀರಿನಲ್ಲೂ ಸುಣ್ಣವಿದೆ. ಆದರೆ ಗುಡ್ಡದ ಕಲ್ಲು ಹೊಳೆಯಾಗಿ, ಹೊಳೆ ಚಿಪ್ಪಾಗಿ, ಚಿಪ್ಪು ಸುಟ್ಟ ಸುಣ್ಣವಾಗಿ ಮತ್ತೆ ಮನೆಯ ಗೋಡೆಗೂ ಎಲೆ ಅಡಿಕೆಯ ತಟ್ಟೆಗೂ ಬರುವ ಈ ಸರಪಳಿ ಕುಮಟಾ ತಾಲೂಕೊಂದರಲ್ಲೇ ಪೂರ್ಣವಾಗುತ್ತದೆ. ಇಳಿತದ ಹೊತ್ತಿನಲ್ಲಿ ಬುಟ್ಟಿ ಹಿಡಿದು ಹೊಳೆಗಿಳಿದು ಬಳಚು ಆಯುವ ಹೆಂಗಸರೂ ಗಂಡಸರೂ ನೂರಾರು ಮನೆಗಳ ಊಟಕ್ಕೆ ಆಧಾರ. ಸತ್ತ ಚಿಪ್ಪುಗಳ ಹಳೆಯ ಪದರ ಅಳಿವೆಯ ತಳದಲ್ಲಿ ಹೂತಿದೆ. ಅದೂ ಕಾನೂನಿನ ಕಣ್ಣಿಗೆ ಖನಿಜ. ಅದನ್ನು ಕೈಗಾರಿಕೆಗಾಗಿ ತೋಡಿ ಒಯ್ದಾಗ ಜೀವಂತ ಬಳಚಿನ ಹಾಸೂ ಕಲಕಿಹೋಗುತ್ತದೆ. ಇಲ್ಲಿಯೂ ಖನಿಜದ ಶೋಧಕನಿಗೆ ಕಂಡದ್ದು ಟನ್ನು. ಆಯುವವಳಿಗೆ ಕಂಡದ್ದು ನಾಳೆಯ ಸಾರು. ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿದೆಯೆಂದು 2024ರ ಜನವರಿ 31ರಂದು ಪ್ರಕಟವಾಯಿತು. ಮೇಲೆ ಘಟ್ಟದಲ್ಲಿ 2011ರಲ್ಲಿಯೇ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಗಿತ್ತು. ಹೊಳೆಯ ತಲೆಗೂ ಕಾಲಿಗೂ ರಕ್ಷೆ ಬಂದಿದೆ. ನಡುವಿನ ಗುಡ್ಡಗಳ ಮಾತು ಯಾರ ಕಡತದಲ್ಲೂ ಇಲ್ಲ.

ಗುಹೆಯೊಂದು ಕಾಡನ್ನು ಉಳಿಸಲು ಸಾಕ್ಷಿಯಾದ ಪ್ರಸಂಗ ದೂರದ್ದೇನಲ್ಲ. ಖಾನಾಪುರ ತಾಲೂಕಿನ ತಳೇವಾಡಿಯ ಬಳಿ ಬಾರಾಪೇಡೆ ಎಂಬ ಗುಹೆಯಿದೆ. ಅಲ್ಲಿ ವಾಸಿಸುವ ರಾಟನ್ನನ ಬಾವಲಿಯನ್ನು ವಿಜ್ಞಾನ ಲೋಕ 1913ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿತು. ಬಹುಕಾಲ ಜಗತ್ತಿನಲ್ಲಿ ಆ ಒಂದು ಗುಹೆಯ ಹೊರತು ಬೇರೆಲ್ಲಿಯೂ ಅದು ಕಂಡಿರಲಿಲ್ಲ. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಆ ಕಾಡು 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದಕ್ಕಾಗಿ ವರ್ಷಗಟ್ಟಲೆ ನಡೆದ ವಾದದಲ್ಲಿ ಕತ್ತಲಲ್ಲಿ ತಲೆಕೆಳಗಾಗಿ ನೇತಾಡುವ ಆ ಬಾವಲಿಯ ಹೆಸರು ಮತ್ತೆ ಮತ್ತೆ ಬಂದಿತ್ತು. ಘಟ್ಟದ ಮೇಲೆ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡದ ಉದಾಹರಣೆ ಇನ್ನೂ ಹತ್ತಿರದ್ದು. ಅದಿರಿನ ಗಣಿಗಾರಿಕೆಯ ವಿರುದ್ಧ ಸುತ್ತಲಿನ ಹಳ್ಳಿಗರು ದನಿಯೆತ್ತಿದ ಆ ಗುಡ್ಡ 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕುದುರೆಮುಖದ ಗಣಿಯನ್ನು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2005ರ ಡಿಸೆಂಬರ್ 31ಕ್ಕೆ ಅಲ್ಲಿ ಕೆಲಸ ನಿಂತಿತು. ಆಗ ಗುಡ್ಡದ ಬಹುಭಾಗ ಹೋಗಿಯಾಗಿತ್ತು.

ಆದುದರಿಂದ ಈ ಮೂರು ತಾಲೂಕುಗಳ ಹಳ್ಳಿಗಳು ಅದಿರಿನ ಶೋಧಕ ಬರುವ ಮೊದಲೇ ತಮ್ಮದೇ ಶೋಧವನ್ನು ನಡೆಸಿರಬೇಕು. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿದಾಗ ಲ್ಯಾಟರೈಟೂ ಅದರಲ್ಲಿತ್ತು. ಉಪಖನಿಜದ ನಿಯಮಗಳು ರಾಜ್ಯದ ಕೈಯಲ್ಲಿವೆ, ಅಂದರೆ ತಕರಾರು ಹೇಳಬೇಕಾದ ಕಚೇರಿ ದೆಹಲಿಯಲ್ಲಿಲ್ಲ, ಜಿಲ್ಲಾ ಕೇಂದ್ರದಲ್ಲಿದೆ. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರವರಿಯಲ್ಲಿ ಹೇಳಿದೆ. 2016ರ ಅಧಿಸೂಚನೆಯಂತೆ ಉಪಖನಿಜಗಳ ಬಗ್ಗೆ ಜಿಲ್ಲಾ ಸಮೀಕ್ಷಾ ವರದಿ ತಯಾರಾಗಬೇಕು, ಅದರ ಕರಡನ್ನು 21 ದಿನ ಸಾರ್ವಜನಿಕರ ಮುಂದಿಡಬೇಕು. ಆ 21 ದಿನಗಳಲ್ಲಿ ಹಳ್ಳಿಯವರು ಬರಿಗೈಯಲ್ಲಿ ಹೋಗಿ ‘ನೀರು ಹೋಗುತ್ತದೆ’ ಎಂದರೆ ಅಧಿಕಾರಿ ದಾಖಲೆ ಕೇಳುತ್ತಾನೆ. ಕೇಳುವುದು ತಪ್ಪೂ ಅಲ್ಲ.

ದಾಖಲೆಯನ್ನು ಮಾಡಬಲ್ಲವರು ವಿದ್ಯಾರ್ಥಿಗಳು. ಹೋಳಿ ಹುಣ್ಣಿಮೆಯಿಂದ ಮೊದಲ ಮಳೆಯವರೆಗಿನ ಕಾಲ ಇದಕ್ಕೆ ಸರಿ. ಆಗ ಉಳಿದ ಒರತೆಯೇ ನಿಜವಾದ ಒರತೆ. ಊರಿನ ಪ್ರತಿ ಒರತೆಯ ಬಳಿ ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆಯಬೇಕು, ತಿಂಗಳಿಗೊಮ್ಮೆ, ಅದೇ ಕೊಡದಿಂದ. ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಗಂಟು ಹಾಕಿದ ಹಗ್ಗದಿಂದ ಅಳೆಯಬೇಕು. ಗುಹೆ, ಬಿಲ, ಮಳೆಗಾಲದಲ್ಲಿ ನೀರು ಒಮ್ಮೆಲೇ ಮಾಯವಾಗುವ ಕುಳಿ, ಹಟ್ಟಿಯ ನೆಲ ಇದ್ದಕ್ಕಿದ್ದಂತೆ ಕುಸಿದ ಜಾಗ, ಇವೆಲ್ಲ ಎಲ್ಲಿವೆ ಎಂಬುದು ದನ ಕಾಯುವವರಿಗೂ ಸೊಪ್ಪು ತರುವ ಹೆಂಗಸರಿಗೂ ಗೊತ್ತು. ಅವರನ್ನು ಕೇಳಿ ಸರ್ವೆ ನಂಬರಿನ ನಕ್ಷೆಯ ಮೇಲೆ ಗುರುತು ಹಾಕಬೇಕು. ಮಳೆಗಾಲದ ಕುಳಿಗೆ ಸ್ವಲ್ಪ ಅರಿಶಿನದ ನೀರು ಬಿಟ್ಟು ಕೆಳಗಿನ ಒರತೆಯಲ್ಲಿ ಬಣ್ಣ ಬರುತ್ತದೆಯೇ ಎಂದು ಕಾಯುವ ಪ್ರಯೋಗವನ್ನೂ ಮಾಡಿ ನೋಡಬಹುದು. ಬರದಿದ್ದರೆ ಸಂಬಂಧವಿಲ್ಲವೆಂದು ಅರ್ಥವಲ್ಲ, ಅರಿಶಿನ ಮಣ್ಣಿಗೆ ಹಿಡಿದುಕೊಂಡಿರಬಹುದು. ಬಾವಲಿಗಳಿರುವ ಗುಹೆಗೆ ಟಾರ್ಚು ಹಿಡಿದು ಗುಂಪಾಗಿ ನುಗ್ಗಬಾರದು. ಮರಿ ಹಾಕುವ ಕಾಲದಲ್ಲಿ ಬೆಚ್ಚಿದ ತಾಯಂದಿರು ಮರಿಗಳನ್ನು ಬೀಳಿಸುತ್ತವೆ. ಹಿಕ್ಕೆಯ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಮಳೆಗಾಲದಲ್ಲಿ ಯಾವ ಗುಹೆಯ ಒಳಗೂ ಹೋಗಬಾರದು. ಯಾಣದಂತಹ ಕಡೆ ಹೆಜ್ಜೇನಿನ ಹುಟ್ಟುಗಳ ಕೆಳಗೆ ಗಲಾಟೆ ಬೇಡವೆಂಬುದನ್ನು ಊರಿನ ಮಕ್ಕಳಿಗೆ ಹೇಳಬೇಕಾಗಿಲ್ಲ, ಪ್ರವಾಸಿಗಳಿಗೆ ಹೇಳಬೇಕು.

ಹೀಗೆ ಬರೆದ ಪುಸ್ತಕವನ್ನು ಮನೆಯ ಕಪಾಟಿನಲ್ಲಿಟ್ಟರೆ ಅದು ಡೈರಿ. ಗ್ರಾಮ ಪಂಚಾಯತದಲ್ಲಿಟ್ಟರೆ ಪುರಾವೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತದಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅನೇಕ ಕಡೆ ಆ ದಾಖಲಾತಿಯಲ್ಲಿ ಮರಗಳ ಹೆಸರಿನ ಪಟ್ಟಿ ಇದೆಯೇ ಹೊರತು ಒರತೆ, ಗುಹೆ, ಬೋಳುಗುಡ್ಡಗಳಿಗೆ ಪುಟವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆ ಪುಟವನ್ನು ತೆರೆಯಲು ಠರಾವು ಮಾಡಿಸಿ, ಮೊದಲ ವರ್ಷದ ಅಳತೆಗಳನ್ನು ದಿನಾಂಕ ಸಹಿತ ಅದರಲ್ಲಿ ಬರೆಸಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಗಳ ಸಹಿ ಪಡೆದು, ಒಂದು ನಕಲನ್ನು ಹೈಸ್ಕೂಲಿನ ಗ್ರಂಥಾಲಯದಲ್ಲೂ ಇಡಬೇಕು. ಅಳೆಯಲು ಬೇಕಾದ ಕೊಡ ಎಲ್ಲ ಮನೆಗಳಲ್ಲೂ ಇದೆ.